ಎರಡು ಬಿಳಿ ಕೋಟು

ಹನ್ನೊಂದನೆಯ ಕಂತು

"ಗದ್ದ ಇನ್ನೊಂಚೂರು ಮುಂದೆ ಇಡಿ ಅಕ್ಕಾ. ಹಣೆ ಆ ಪಟ್ಟಿಗೆ ತಾಗ್ಲಿ. ಹಾಂ, ಹಾಗೆ. ಈಗ ಮಿಟುಕಿಸಬೇಡಿ."

ಅವಳು ಹೇಳಿ ಮುಗಿಸುವಷ್ಟರಲ್ಲೇ ಕರಡಮ್ಮ ಮಿಟುಕಿಸಿಬಿಟ್ಟಳು.

"ಪರವಾಗಿಲ್ಲ, ಇನ್ನೊಂದು ತೆಗೆಯೋಣ," ಎಂದಳು ಅಳತೆಯವಳು. ಆ ಲೇಸರ್ ಆಸ್ಪತ್ರೆಗೆ ಬಂದವರ ಕಣ್ಣಿನ ಅಳತೆಯನ್ನೆಲ್ಲ ಹದಿಮೂರು ವರ್ಷದಿಂದ ತೆಗೆಯುತ್ತಿದ್ದವಳು ಅವಳೇ. ವಯಸ್ಸು ನಲವತ್ತು ದಾಟಿತ್ತು. ನೀಲಿ ಕೋಟು, ಬಿಗಿಯಾಗಿ ಕಟ್ಟಿದ ಕೂದಲು, ಬಹಳ ದಿನದಿಂದ ನಿದ್ದೆಗೆಟ್ಟ ಮುಖ.

ಐವತ್ತೆರಡನೆಯ ವಯಸ್ಸಿನಲ್ಲಿ ಕನ್ನಡಕ ಬಿಸಾಡುವ ಹುಚ್ಚು ಹತ್ತಿದವಳಂತೆ ನಟಿಸುವುದು ಕರಡಮ್ಮನಿಗೆ ಕಷ್ಟವಾಗಿರಲಿಲ್ಲ. ಹೊರಗಿನ ಕೌಂಟರಿನಲ್ಲಿ ಯಾಕೆ ಬೇಕು ಎಂದು ಕೇಳಿದ್ದಕ್ಕೆ, "ಇಷ್ಟು ವರ್ಷ ನನ್ನ ಮೂಗು ಇದನ್ನ ಹೊತ್ತಿದ್ದು ಸಾಕು, ಅದಕ್ಕೂ ನಿವೃತ್ತಿ ಕೊಡೋಣ ಅಂತ," ಎಂದಿದ್ದಳು. ಕೌಂಟರಿನವರು ಆ ಭಾರೀ ಮೂಗನ್ನು ನೋಡಿ, ನಗಬೇಕೋ ಬೇಡವೋ ತಿಳಿಯದೆ, ಸುಮ್ಮನೆ ಫಾರಂ ಕೊಟ್ಟಿದ್ದರು.

ನಿಜವಾದ ಕಾರಣ ತೊಡೆಯ ಮೇಲಿನ ಬ್ಯಾಗಿನಲ್ಲಿತ್ತು. ಹದಿನೇಳು ದಿನದ ಹಿಂದೆ ಇದೇ ಕಟ್ಟಡದ ಹಿಂಬದಿ ಮೆಟ್ಟಿಲಿನ ಮೂರನೆಯ ಮಹಡಿಯಿಂದ ಬಿದ್ದು ಸತ್ತ ಬೋರ್ಡಣ್ಣನ ನೋಟ್‌ಬುಕ್ಕು, ಅದರ ರಟ್ಟಿನೊಳಗೆ ಅವನು ಮಡಚಿಟ್ಟಿದ್ದ ಎರಡು ಹಾಳೆ.

ಬೋರ್ಡಣ್ಣ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಎಂಟು ತಿಂಗಳ ಹಿಂದೆ ಇಲ್ಲಿ ಎರಡೂ ಕಣ್ಣಿಗೆ ಲೇಸರ್ ಮಾಡಿಸಿಕೊಂಡಿದ್ದ. ಬಲಗಣ್ಣು ನಿಚ್ಚಳವಾಯಿತು. ಎಡಗಣ್ಣು ಮಾತ್ರ ಅವನ ಜೀವ ಹಿಂಡಿತು. ಕಣ್ಣಿನ ಕಾಟ ತಾಳಲಾರದೆ ಹಾರಿಕೊಂಡ ಎಂದು ಪೊಲೀಸರು ಒಂದು ಸಾಲು ಬರೆದು ಕೈತೊಳೆದುಕೊಂಡಿದ್ದರು. ಅವನ ಅಕ್ಕ, ಹೊಲಿಗೆ ಅಂಗಡಿಯವಳು, ಆ ಸಾಲನ್ನು ಒಪ್ಪದೆ ಕರಡಮ್ಮನ ಬಾಗಿಲು ತಟ್ಟಿದ್ದಳು.

ಕರಡಮ್ಮ ಇಪ್ಪತ್ತೆಂಟು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ಹೆಸರು ಅಲ್ಲಿಂದ ಬಂದದ್ದು. ಕರಡಿಯಿಂದ ಬಂದದ್ದು ಎನ್ನುವವರೂ ಇದ್ದರು, ಅವರ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಮುದ್ರಣಾಲಯ ಮುಚ್ಚಿದ ಮೇಲೆ ಜನರ ವ್ಯವಹಾರದಲ್ಲಿ ತಪ್ಪು ಹುಡುಕುವ ಕಸುಬು ಹಿಡಿದಳು. ಹಾಳೆಯಲ್ಲಾದರೆ ಅಂಚಿಗೊಂದು ಗುರುತು ಹಾಕಿದರೆ ಮುಗಿಯುತ್ತಿತ್ತು, ಇಲ್ಲಿ ಮುಗಿಯುವುದೇ ಇಲ್ಲ ಎನ್ನುವುದು ಅವಳ ಒಂದೇ ದೂರು.

ಈ ಸಲ ಅವಳನ್ನು ಕಾಡಿದ್ದು ಆ ನೋಟ್‌ಬುಕ್ಕು. ಬೋರ್ಡಣ್ಣ ಪ್ರತಿ ಸಂಜೆ ಬಲಗಣ್ಣು ಮುಚ್ಚಿಕೊಂಡು, ಮನೆಯ ಕಿಟಕಿಯಿಂದ ಕಾಣುವ ಬೀದಿದೀಪವನ್ನು ಎಡಗಣ್ಣಿಗೆ ಕಂಡಂತೆ ಚಿತ್ರವಾಗಿ ಬರೆದಿಟ್ಟಿದ್ದ. ಮೂರನೆಯ ತಿಂಗಳವರೆಗೆ ದೀಪ ದೀಪದ ಹಾಗೇ ಇತ್ತು. ನಾಲ್ಕರಲ್ಲಿ ಅದಕ್ಕೊಂದು ಬಾಲ ಬಂತು. ಐದರಲ್ಲಿ ಬಾಲದ ತುದಿಗೆ ಇನ್ನೊಂದು ದೀಪ, ತೆಳ್ಳಗೆ, ಸ್ವಲ್ಪ ಕೆಳಗೆ. ಆಮೇಲೆ ಅಕ್ಷರಗಳು. ಅವನೇ ಬರೆದ ಬೋರ್ಡಿನ ಪ್ರತಿ ಅಕ್ಷರದ ಅಡಿಯಲ್ಲೂ ಅದರದೇ ಪ್ರೇತ.

ಕೊನೆಯ ಪುಟಗಳಲ್ಲೊಂದು ಮಗಳ ಮುಖ. ಅದರ ಪಕ್ಕಕ್ಕೆ ಹೊಗೆಯಂತೆ ಮತ್ತೊಂದು ಮುಖ. ಅಡಿಯಲ್ಲಿ ಅವನ ದುಂಡು ಬರಹ: "ಮಗಳು ಬಂದಾಗಲೆಲ್ಲ ಜೊತೆಗೆ ಇನ್ನೊಬ್ಬಳು ಬರುತ್ತಾಳೆ. ಮಾತಾಡುವುದಿಲ್ಲ. ನಾನೂ ಮಾತಾಡಿಸುವುದಿಲ್ಲ."

ಅದನ್ನು ಓದಿದಂದಿನಿಂದ ಕರಡಮ್ಮನಿಗೆ ಯಾರ ಮುಖ ನೋಡಿದರೂ ಅದರ ಪಕ್ಕದ ಖಾಲಿ ಜಾಗದ ಮೇಲೆ ಕಣ್ಣು ಹೋಗುತ್ತಿತ್ತು. ಅಲ್ಲಿ ಏನೂ ಇರುತ್ತಿರಲಿಲ್ಲ.

ಮಗಳಿಗೆ ಇಪ್ಪತ್ತು. ತಾಯಿ ಇಲ್ಲ, ಈಗ ಅಪ್ಪನೂ ಇಲ್ಲ. ಕನ್ನಡಕ ಬೇಡವೆಂದು ಹಟ ಹಿಡಿದವಳು ಅವಳು. "ನೀನೂ ಮಾಡಿಸ್ಕೋಪ್ಪ, ಇಬ್ಬರೂ ಒಂದೇ ದಿನ ಮಾಡಿಸ್ಕೊಳ್ಳೋಣ," ಎಂದು ಅಪ್ಪನನ್ನು ಕೈಹಿಡಿದು ಎಳೆದುಕೊಂಡು ಬಂದವಳೂ ಅವಳೇ. ನಿನ್ನೆ ಅತ್ತೆಯ ಮನೆಯಲ್ಲಿ ತಟ್ಟೆಯ ಮುಂದೆ ಕೂತು, ಒಂದು ತುತ್ತೂ ಮುಟ್ಟದೆ, "ಅಪ್ಪನ್ನ ಕೊಂದಿದ್ದು ನಾನೇ ಅಲ್ವಾ?" ಎಂದು ಕರಡಮ್ಮನನ್ನು ಕೇಳಿದ್ದಳು.

ಬೋರ್ಡಣ್ಣ ಹಾರಿಕೊಂಡದ್ದೇ ನಿಜವಾದರೆ ಈ ಹುಡುಗಿಯೂ ಉಳಿಯುವುದಿಲ್ಲ ಎನ್ನುವುದಷ್ಟೇ ಕರಡಮ್ಮನಿಗೆ ಖಚಿತವಾಗಿತ್ತು.

"ಆಯ್ತು ಅಕ್ಕಾ, ಗದ್ದ ತೆಗೀಬಹುದು. ನೋಡಿ, ಇದು ನಿಮ್ಮ ಬಲಗಣ್ಣು."

ಕರಡಮ್ಮ ಕನ್ನಡಕ ಏರಿಸಿಕೊಂಡು ಪರದೆಯ ಕಡೆ ತಿರುಗಿದಳು. ಹವಾಮಾನದ ನಕ್ಷೆಯಂಥ ಒಂದು ದುಂಡನೆಯ ಚಿತ್ರ. ನಡುವೆ ಹಸಿರು, ಸುತ್ತ ನೀಲಿ. ಬಲಗಡೆಯ ಅಂಚಿನಲ್ಲಿ ಮಾತ್ರ ಯಾರೋ ಕಚ್ಚಿ ತಿಂದಂತೆ ಒಂದಷ್ಟು ಜಾಗ ಕಪ್ಪಾಗಿತ್ತು.

"ಇದೇನಮ್ಮ ತೂತು? ನನ್ನ ಕಣ್ಣು ಸವೆದಿದ್ಯಾ?"

ಅಳತೆಯವಳು ಆ ಮಧ್ಯಾಹ್ನ ಮೊದಲ ಸಲ ನಕ್ಕಳು. "ಕಣ್ಣಿಗೇನೂ ಆಗಿಲ್ಲ. ಅದು ನಿಮ್ಮ ಮೂಗಿನ ನೆರಳು. ಯಂತ್ರದ ಬೆಳಕು ಅಲ್ಲಿಗೆ ತಲುಪಲ್ಲ. ಎಲ್ಲರಿಗೂ ಚೂರು ಇರುತ್ತೆ, ನಿಮಗೆ..."

"ಹೇಳಿ ಹೇಳಿ, ನಾಚಿಕೊಳ್ಳಬೇಡಿ. ನಮ್ಮಜ್ಜನ ಮೂಗು ಇದು. ಆಸ್ತಿಯಲ್ಲಿ ನನಗೆ ಬಂದ ಪಾಲು ಇದೊಂದೇ."

"ನಿಮಗೆ ಸ್ವಲ್ಪ ಧಾರಾಳವಾಗಿದೆ," ಎಂದಳು ಅಳತೆಯವಳು. "ಯಂತ್ರ ನಿಮ್ಮ ಎದುರಿಗೆ ಕೂತು ನೋಡುತ್ತೆ ಅಲ್ವಾ. ಅದಕ್ಕೇ ಬಲಗಣ್ಣಿನ ಚಿತ್ರದಲ್ಲಿ ಮೂಗು ಬಲಗಡೆ ಬರುತ್ತೆ. ಈಗ ನೋಡಿ, ಎಡಗಣ್ಣು ತೆಗೆದರೆ ಎಡಗಡೆ ಬರುತ್ತೆ."

ಕರಡಮ್ಮನ ನಗು ಅಲ್ಲೇ ನಿಂತಿತು.

ಬ್ಯಾಗಿನಲ್ಲಿದ್ದ ಆ ಎರಡು ಹಾಳೆಗಳನ್ನು ಅವಳು ಮೂರು ದಿನದಿಂದ ನೋಡುತ್ತಿದ್ದಳು. ಕರಡು ತಿದ್ದುವವರ ಹಳೆಯ ಅಭ್ಯಾಸದಂತೆ ತಲೆಕೆಳಗು ಮಾಡಿಯೂ ನೋಡಿದ್ದಳು, ಅರ್ಥ ಕಣ್ಣಿಗೆ ಮೋಸ ಮಾಡಬಾರದೆಂದು. ಎರಡೂ ಒಂದೇ ಪಡಿಯಚ್ಚಿನಲ್ಲಿ ತೆಗೆದಂತೆ ಕಂಡಿದ್ದವು. ಒಬ್ಬನ ಎರಡು ಕಣ್ಣು ಒಂದೇ ಥರ ಇರುವುದರಲ್ಲಿ ವಿಶೇಷವೇನು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಈಗ ತನ್ನ ಪೆದ್ದುತನಕ್ಕೆ ತಾನೇ ಹಲ್ಲು ಕಡಿದಳು.

ಅವಳು ಎದ್ದು ಹೋಗಿ ಕೋಣೆಯ ಬಾಗಿಲು ಮುಚ್ಚಿದಳು. ಹಾಳೆಗಳನ್ನು ಬಿಡಿಸಿ ಯಂತ್ರದ ಪಕ್ಕದ ಮೇಜಿನ ಮೇಲೆ ಇಟ್ಟಳು.

"ಇದು ಬಲಗಣ್ಣು ಅಂತ ಬರೆದಿದೆ. ಮೂಗು ಬಲಗಡೆ. ಸರಿ. ಇದು ಎಡಗಣ್ಣು ಅಂತ ಬರೆದಿದೆ. ಮೂಗು ಎಲ್ಲಿದೆ ಹೇಳಿ?"

ಅಳತೆಯವಳು ಹಾಳೆಯನ್ನು ಮುಟ್ಟಲಿಲ್ಲ. ದೂರದಿಂದಲೇ ಗುರುತು ಹಿಡಿದಳು. ಅವಳ ಕೈ ಯಂತ್ರದ ಹಿಡಿಯ ಮೇಲೆಯೇ ಉಳಿಯಿತು.

"ಬಲಗಡೆ," ಎಂದಳು.

"ಮನುಷ್ಯನಿಗೆ ಎರಡು ಮೂಗು ಇರಲ್ಲ ತಾಯಿ. ಅವರ ಬಲಗಣ್ಣನ್ನೇ ಎರಡು ಸಲ ತೆಗೆದು, ಒಂದಕ್ಕೆ ಎಡ ಅಂತ ಹೆಸರಿಟ್ಟಿದ್ದೀರಿ. ಅವರ ಎಡಗಣ್ಣನ್ನ ನೀವು ನೋಡೇ ಇಲ್ಲ."

"ನೀವು ಪೊಲೀಸಾ?"

"ಅಲ್ಲ. ಅವರಕ್ಕ ಕಳಿಸಿದೋಳು. ಪೊಲೀಸರಾಗಿದ್ರೆ ನಿಮ್ಮನ್ನ ಹೀಗೆ ಕೂರಿಸಿ ಮಾತಾಡಿಸ್ತಿದ್ರಾ? ಕೂತ್ಕೊಳ್ಳಿ. ನೀರು ಕುಡೀರಿ."

ಅಳತೆಯವಳು ನೀರು ಕುಡಿಯಲಿಲ್ಲ. ರೋಗಿಗಳು ಕೂರುವ ದುಂಡು ಸ್ಟೂಲಿನ ಮೇಲೆ ಕುಸಿದು ಕೂತಳು.

"ನಾನು ಎಲ್ಲರದ್ದೂ ಎರಡೆರಡು ತೆಗೀತೀನಿ," ಎಂದಳು. "ಮೊದಲನೇದರಲ್ಲಿ ರೆಪ್ಪೆ ಅಲುಗಿರುತ್ತೆ, ಕಣ್ಣೀರು ಬಂದಿರುತ್ತೆ. ಎರಡು ತೆಗೆದು ಒಳ್ಳೇದನ್ನ ಇಟ್ಕೊಳ್ಳೋದು. ಬೇರೆಯವರು ಒಂದೇ ತೆಗೆದು ಕೈತೊಳ್ಕೋತಾರೆ. ನನ್ನ ಕೈಯಲ್ಲಿ ಹಾಗೆ ಆಗಲ್ಲ."

"ಗೊತ್ತಾಯ್ತು. ಈಗ ನನಗೂ ಹಾಗೇ ಮಾಡಿದ್ರಿ."

"ಯಂತ್ರ ಎಡಕ್ಕೆ ಸರಿದರೆ ಎಡಗಣ್ಣು ಅಂತ ಅದಕ್ಕೇ ಗೊತ್ತಾಗುತ್ತೆ. ಅವರು ಬಂದ ಬೆಳಿಗ್ಗೆ ಯಂತ್ರದ ಆ ಗುರುತು ಹಿಡಿಯೋದೇ ಕೆಟ್ಟಿತ್ತು. ಕೆಟ್ಟಾಗ ಅದು ಮೊದಲು ಬಂದದ್ದನ್ನ ಬಲ ಅನ್ಕೊಳ್ಳುತ್ತೆ, ಎರಡನೇದನ್ನ ಎಡ ಅನ್ಕೊಳ್ಳುತ್ತೆ. ಆಮೇಲೆ ಬಂದದ್ದನ್ನ ಇಟ್ಕೊಳ್ಳೋದೇ ಇಲ್ಲ. ಅದು ನನಗೆ ಗೊತ್ತಿರ್ಲಿಲ್ಲ ಅಕ್ಕಾ. ನಾನು ಎಂದಿನ ಹಾಗೆ ಬಲಗಣ್ಣು ಎರಡು ಸಲ, ಎಡಗಣ್ಣು ಎರಡು ಸಲ ತೆಗೆದೆ. ಒಟ್ಟು ನಾಲ್ಕು. ಅದು ಮೊದಲಿನ ಎರಡನ್ನ ನುಂಗಿ ಸುಮ್ಮನಾಯ್ತು."

ಕರಡಮ್ಮನಿಗೆ ಅವಳ ಮೇಲೆ ಕೋಪ ಬರಬೇಕಿತ್ತು. ಬರಲಿಲ್ಲ. ಒಂದೇ ಚಿತ್ರ ತೆಗೆಯುವ ಸೋಮಾರಿಯ ಕೈಗೆ ಬೋರ್ಡಣ್ಣ ಸಿಕ್ಕಿದ್ದರೆ ಈಗಲೂ ಏಣಿ ಹತ್ತಿ ಬೋರ್ಡು ಬರೆಯುತ್ತಿದ್ದ. ಅತಿ ಜೋಪಾನ ಮಾಡುವವಳ ಕೈಗೆ ಸಿಕ್ಕಿದ. ಇದಕ್ಕೆ ಯಾರನ್ನು ಬಯ್ಯುವುದು?

"ಅವರ ಎಡಗಣ್ಣಿಗೇನಾಗಿತ್ತು?"

"ಮೇಲಿನ ಗಾಜಿನಂಥ ಪದರ ಇರುತ್ತಲ್ಲ, ಅದು ಹುಟ್ಟಿನಿಂದಲೇ ಒಂದು ಕಡೆ ತೆಳು. ಅಂಥ ಕಣ್ಣಿಗೆ ಲೇಸರ್ ಮಾಡಲೇಬಾರದು. ಮಾಡಿದ್ರೆ ಮೊದಮೊದಲು ಚೆನ್ನಾಗೇ ಕಾಣುತ್ತೆ, ಆಮೇಲೆ ಆ ಜಾಗ ಬಲ ಕಳ್ಕೊಂಡು ಉಬ್ಬೋಕೆ ಶುರುವಾಗುತ್ತೆ. ಒಂದು ವಸ್ತು ಎರಡಾಗುತ್ತೆ. ಆರನೇ ತಿಂಗಳಲ್ಲಿ ಅವರು ಬಂದಾಗ ಮತ್ತೆ ತೆಗೆದೆ. ಯಂತ್ರ ಅಷ್ಟರಲ್ಲಿ ಸರಿಯಾಗಿತ್ತು. ಕೆಳಗಡೆ ಪೂರ್ತಿ ಕೆಂಪು. ಹಳೇ ಚಿತ್ರ ಪಕ್ಕಕ್ಕೆ ಇಟ್ಟು ನೋಡಿದೆ. ಮೂಗು ಕಂಡಿತು. ಅವತ್ತಿಂದ ನನಗೆ ಕಣ್ಣು ಮುಚ್ಚಿದರೆ ಅದೇ."

"ಡಾಕ್ಟರಿಗೆ ಹೇಳಿದ್ರಾ?"

"ಅರ್ಧ ಗಂಟೆಯೊಳಗೆ. ಕಣ್ಣು ಒಣಗಿದೆ ಅಂತ ಬರಿ, ಹನಿ ಕೊಟ್ಟು ಕಳಿಸು ಅಂದ್ರು. ಇಷ್ಟು ವರ್ಷದಲ್ಲಿ ಸಾವಿರಾರು ಜನ ಕನ್ನಡಕ ಬಿಸಾಕಿ ನಗ್ತಾ ಹೋಗಿದ್ದಾರೆ, ಒಂದು ಕಣ್ಣಿಗಾಗಿ ಎಲ್ಲ ಮುಳುಗಿಸ್ತೀಯಾ ಅಂದ್ರು."

ಗೋಡೆಯಾಚೆ ಕಾಯುವ ಕೋಣೆಯಿಂದ ನಗು ಕೇಳಿಸುತ್ತಿತ್ತು. ನಿನ್ನೆ ಲೇಸರ್ ಮಾಡಿಸಿಕೊಂಡ ಯಾರೋ ಬೀದಿಯಾಚೆಯ ಬೋರ್ಡನ್ನು ಗಟ್ಟಿಯಾಗಿ ಓದಿ, ಸಂತೋಷಕ್ಕೆ ಬಿಕ್ಕುತ್ತಿದ್ದರು. ಅದೂ ಸುಳ್ಳಲ್ಲ. ಆ ಬೋರ್ಡು ಬರೆದವನು ಬೋರ್ಡಣ್ಣನೇ ಎಂದು ಕರಡಮ್ಮ ಬರುವಾಗಲೇ ನೋಡಿದ್ದಳು.

"ಡಾಕ್ಟರು ಬೇಡ ಅಂದ್ರು. ನೀವು ಬೋರ್ಡಣ್ಣನಿಗೆ ಹೇಳಿಬಿಟ್ರಿ."

ಅಳತೆಯವಳು ತಲೆಯೆತ್ತಿದಳು. "ನಿಮಗೆ ಹೇಗೆ ಗೊತ್ತು?"

"ಆಸ್ಪತ್ರೆಯಲ್ಲಿ ತೆಗೆದ ಚಿತ್ರಾನ ಯಾರೂ ರೋಗಿ ಕೈಗೆ ಕೊಟ್ಟು ಕಳಿಸಲ್ಲ. ಇವೆರಡೂ ಹಾಳೆ ಅವರ ಪುಸ್ತಕದೊಳಗೆ ಸಿಕ್ಕಿವೆ. ನೀವು ಕೊಡದೆ ಗಾಳಿಗೆ ಹಾರಿ ಬಂದವಾ?"

"ಫೋನ್ ಮಾಡಿ ಕರೆದು ಕೊಟ್ಟೆ. ಬಯ್ತಾರೆ, ಹೊಡೆದರೂ ಹೊಡೀಲಿ ಅಂದ್ಕೊಂಡಿದ್ದೆ. ಅವರು ಬಯ್ಯಲಿಲ್ಲ ಅಕ್ಕಾ. ಹಾಳೆ ಹಿಡ್ಕೊಂಡು ಸುಮ್ಮನೆ ನಿಂತರು. ಆಮೇಲೆ, ಆ ಬೆಳಿಗ್ಗೆ ಯಂತ್ರ ಕೆಟ್ಟಿದ್ದಾಗ ಇನ್ಯಾರದ್ದು ತೆಗೆದ್ರಿ ಅಂತ ಕೇಳಿದ್ರು."

"ಎಷ್ಟು ಜನರದ್ದು?" ಕೇಳಿದಳು ಕರಡಮ್ಮ.

"ಇಬ್ಬರದ್ದೇ," ಎಂದಳು ಅಳತೆಯವಳು. ಅವಳ ಕಣ್ಣು ತುಂಬಿತು. "ಅವರದ್ದು, ಅವರ ಮಗಳದ್ದು. ಅದಾದ ಮೇಲೆ ರಿಪೇರಿಯವನು ಬಂದ. ಅಂಥ ತೆಳು ಪದರ ಮನೆತನದಲ್ಲಿ ಬರೋದೂ ಉಂಟು ಅಂತ ಅವರಿಗೆ ನಾನೇ ಹೇಳ್ದೆ. ಬೇಗ ಹಿಡಿದರೆ ನಿಲ್ಲಿಸಬಹುದು ಅಂತಲೂ ಹೇಳ್ದೆ. ಮಗಳ ಫೈಲು ಕೊಡಿ, ಬೇರೆ ಊರಿನ ಡಾಕ್ಟರಿಗೆ ತೋರಿಸ್ತೀನಿ, ನನ್ನ ಕಣ್ಣು ಹೋದ್ರೆ ಹೋಗ್ಲಿ ಅಂದ್ರು."

ಆ ಮಾತು ಕರಡಮ್ಮನಿಗೆ ಸಾಕಾಯಿತು. ಸಾಯಲು ಬಂದವನು ಮಗಳ ಫೈಲು ಕೇಳುವುದಿಲ್ಲ. ಹಾಗಾದರೆ ಅವನನ್ನು ಯಾರೋ ಸಾಯಿಸಿದ್ದಾರೆ.

"ಕೊಟ್ರಾ ಫೈಲು?"

"ಕೊಟ್ಟೆ. ಅವರು ಸತ್ತ ದಿನವೇ. ಊಟದ ಹೊತ್ತಿಗೆ ಹಿಂದಿನ ಮೆಟ್ಟಿಲಿಗೆ ಬನ್ನಿ ಅಂದಿದ್ದೆ, ಅಲ್ಲಿ ಯಾರೂ ಓಡಾಡಲ್ಲ. ಫೈಲನ್ನ ಎದೆಗೆ ಅವಚಿಕೊಂಡು ಕಟಾಂಜನದ ಮೇಲಿಂದ ಕೆಳಗೆ ಬಗ್ಗಿ ನೋಡಿದ್ರು. ಕೆಳಗೆ ಯಾರೋ ಬಿಳಿ ಕೋಟಿನವರು ಇಬ್ಬರು ನಿಂತಿದ್ದಾರೆ, ನೀವು ಒಳಗೆ ಹೋಗಿಬಿಡಿ, ನಿಮಗೆ ತೊಂದರೆ ಆಗೋದು ಬೇಡ ಅಂದ್ರು. ನಾನು ಒಳಗೆ ಬಂದೆ. ಹತ್ತು ನಿಮಿಷಕ್ಕೆ ಕೂಗಾಟ ಕೇಳಿಸ್ತು."

"ಪೊಲೀಸರ ಪಟ್ಟಿ ನಾನು ನೋಡಿದ್ದೀನಿ. ಬೀಗದ ಕೈ, ಕರ್ಚೀಫು, ಕಣ್ಣಿನ ಹನಿ, ಒಂದು ಪೆನ್ಸಿಲು. ಫೈಲಿಲ್ಲ."

"ಇಲ್ವಾ?"

"ಇಲ್ಲ. ಬಿದ್ದವನ ಕೈಯಿಂದ ಫೈಲು ಎದ್ದು ನಡ್ಕೊಂಡು ಹೋಗಲ್ಲ. ಇದನ್ನೆಲ್ಲ ಇಷ್ಟು ದಿನ ಯಾಕೆ ಬಾಯಿಬಿಡ್ಲಿಲ್ಲ ನೀವು?"

"ಏನಂತ ಬಿಡ್ಲಿ? ನನಗೂ ಮೊದಲು ಡಾಕ್ಟರ ಮೇಲೇ ಅನುಮಾನ ಬಂತು. ಆದ್ರೆ ಬೋರ್ಡಣ್ಣ ಇಬ್ಬರು ಅಂದಿದ್ರಲ್ಲ. ನಮ್ಮಲ್ಲಿ ಬಿಳಿ ಕೋಟು ಹಾಕೋದು ಡಾಕ್ಟರು ಒಬ್ಬರೇ, ಉಳಿದವರೆಲ್ಲ ನೀಲಿ. ಕೆಳಗಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರು, ಗಂಡ ಹೆಂಡತಿ, ಊಟಕ್ಕೆ ಅದೇ ಮೆಟ್ಟಿಲಲ್ಲಿ ಇಳೀತಾರೆ. ಅವರೇ ಇರಬೇಕು, ಅವರು ಹೋದ ಮೇಲೆ ಇವರು ಹೆಜ್ಜೆ ತಪ್ಪಿದ್ರೋ, ಬೇಸತ್ತು ಹಾರಿದ್ರೋ ಅಂದ್ಕೊಂಡೆ. ನಾನು ಹೇಳಿದ್ದಕ್ಕೇ ಹಾರಿದ್ರೇನೋ ಅಂತ..."

ಇಲ್ಲೊಬ್ಬಳು ತಾನೇ ಕೊಂದೆ ಎನ್ನುತ್ತಾಳೆ, ಅಲ್ಲೊಬ್ಬಳು ತಾನೇ ಕೊಂದೆ ಎನ್ನುತ್ತಾಳೆ. ಕೊಂದವನೊಬ್ಬ ಮಾತ್ರ ಹಾಯಾಗಿ ಓಡಾಡಿಕೊಂಡಿದ್ದಾನೆ. ಕರಡಮ್ಮನಿಗೆ ಈಗ ಸಿಟ್ಟು ನೆತ್ತಿಗೇರಿತು.

ಅವಳು ನೋಟ್‌ಬುಕ್ಕನ್ನು ತೆಗೆದು ಆರನೆಯ ತಿಂಗಳ ಒಂದು ಪುಟ ತೆರೆದಳು. ಕಪ್ಪು ಶಾಯಿಯಲ್ಲಿ ತುಂಬಿದ ಬಾಗಿಲು, ಅದರೊಳಗೆ ನೇತುಹಾಕಿದ ಬಿಳಿ ಅಂಗಿ, ಅದಕ್ಕೆ ಒತ್ತಿಕೊಂಡು ಇನ್ನೊಂದು ಬಿಳಿ ಅಂಗಿ. ಅಡಿಬರಹವನ್ನು ಓದಿ ಹೇಳಿದಳು: "ಮನೆಯಲ್ಲಿ ಇದ್ದದ್ದು ಒಂದೇ ಅಂಗಿ. ಕತ್ತಲ ಜಾಗದಲ್ಲಿ ಬಿಳಿ ಬಣ್ಣದ್ದೇ ಹೆಚ್ಚು ಕಾಟ."

ಅಳತೆಯವಳು ಚಿತ್ರವನ್ನು ನೋಡಿದಳು. ಅಂಥ ಕಣ್ಣಿನ ಬಗ್ಗೆ ಅವಳಿಗಿಂತ ಹೆಚ್ಚು ತಿಳಿದವರು ಯಾರೂ ಇರಲಿಲ್ಲ, ಆದರೂ ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

"ಆ ಮೆಟ್ಟಿಲಲ್ಲಿ ಬೆಳಕಿದ್ಯಾ?" ಕೇಳಿದಳು ಕರಡಮ್ಮ.

"ಇಲ್ಲ. ಹಗಲಲ್ಲೂ ಕತ್ತಲೆ."

"ಹಲ್ಲಿನ ಡಾಕ್ಟರಿಬ್ಬರೂ ಆ ವಾರ ಪೂರ್ತಿ ರಜೆ. ಒಳಗೆ ಬಣ್ಣ ಬಳೀತಿದ್ರು. ನಾನೇ ಹೋಗಿ ವಿಚಾರಿಸಿ ಬಂದಿದ್ದೀನಿ. ಬೋರ್ಡಣ್ಣನಿಗೆ ಇಬ್ಬರು ಕಂಡರು ಅಂದ್ರೆ, ಅಲ್ಲಿ ನಿಂತಿದ್ದು ಒಬ್ಬರೇ ತಾಯಿ. ಒಂದೇ ಬಿಳಿ ಕೋಟು."

ಅಳತೆಯವಳು ಕೈಯಿಂದ ಬಾಯಿ ಮುಚ್ಚಿಕೊಂಡಳು. ತನ್ನ ಕೈಯಾರೆ ಆದ ತಪ್ಪೇ ಕೊಂದವನಿಗೆ ಹದಿನೇಳು ದಿನ ಮರೆಯಾಗಿತ್ತು ಎಂದು ಆಗ ಅವಳಿಗೆ ಹೊಳೆಯಿತು. ಅವಳ ಕಣ್ಣೊಳಗಿನ ಭಯವನ್ನು ನೋಡಲಾಗದೆ ಕರಡಮ್ಮ ಮುಖ ತಿರುಗಿಸಿದಳು.

"ಡಾಕ್ಟರು ಈಗ ಎಲ್ಲಿದ್ದಾರೆ?"

"ಲೇಸರ್ ಕೋಣೆಯಲ್ಲಿ. ಇವತ್ತು ಒಂದೇ ಒಂದು ಇದೆ. ಹಳೇ ರೋಗಿ, ಚೂರು ಸರಿಮಾಡೋದು ಅಂತ ಅವರೇ ಕರೆಸಿದ್ದಾರೆ. ವಿಚಿತ್ರ ಅಂದ್ರೆ ಅಳತೆಗೆ ನನ್ನ ಹತ್ರ ಕಳಿಸಲೇ ಇಲ್ಲ. ಹಳೇ ಅಳತೇನೇ ಸಾಕು ಅಂದ್ರು."

"ಹಳೇ ಅಳತೆ," ಎಂದಳು ಕರಡಮ್ಮ. "ಯಾರದ್ದು? ಪಟ್ಟಿ ನೋಡಿ. ಬೇಗ!"

ಅಳತೆಯವಳು ಪರದೆಯ ಮೇಲೆ ಆ ದಿನದ ಪಟ್ಟಿ ತೆರೆದಳು. ಒಂದೇ ಸಾಲು ಇತ್ತು. ಹೆಣ್ಣು, ಇಪ್ಪತ್ತು ವರ್ಷ, ಎಡಗಣ್ಣು. ಮುಂದೆ ಬೋರ್ಡಣ್ಣನ ಮಗಳ ಹೆಸರು.

ಇಬ್ಬರೂ ಒಟ್ಟಿಗೇ ಎದ್ದು ಓಡಿದರು. ಓಡುತ್ತಲೇ ಅಳತೆಯವಳು ಹೇಳಿದ ತುಂಡು ಮಾತುಗಳಿಂದ ಕರಡಮ್ಮನಿಗೆ ಉಳಿದದ್ದೂ ತಿಳಿಯಿತು. ಎರಡನೆಯ ಸಲ ಲೇಸರ್ ಬಿದ್ದರೆ ಆ ಕಣ್ಣಿನ ಮೇಲೆ ಮೊದಲು ಏನಿತ್ತು ಎಂದು ಯಾರೂ ಹೇಳಲಾರರು. ಫೈಲು ಮಾಯವಾಗಿದೆ, ಅಪ್ಪ ಮಣ್ಣಾಗಿದ್ದಾನೆ. ಇನ್ನು ಉಳಿದ ಸಾಕ್ಷಿ ಆ ಹುಡುಗಿಯ ಎಡಗಣ್ಣು ಮಾತ್ರ. ಈಗಾಗಲೇ ತೆಳುವಾದ ಕಣ್ಣು ಇನ್ನಷ್ಟು ತೆಳುವಾದರೆ ಅದೂ ಅಪ್ಪನ ದಾರಿಯನ್ನೇ ಹಿಡಿಯುತ್ತದೆ.

ಲೇಸರ್ ಕೋಣೆಗೆ ಒಳಗಿಂದ ಚಿಲಕ ಹಾಕಿತ್ತು. ಅದರ ಹೊರಗೆ, ಮನೆಯವರು ಕಾಯಲೆಂದು ಮಾಡಿದ್ದ ಚಿಕ್ಕ ಕೋಣೆಯಲ್ಲಿ ಯಾರೂ ಇರಲಿಲ್ಲ. ಹುಡುಗಿ ಅತ್ತೆಗೂ ಹೇಳದೆ ಒಬ್ಬಳೇ ಬಂದಿದ್ದಳು. ಗೋಡೆಯ ಮೇಲೆ ಒಂದು ದೊಡ್ಡ ಪರದೆ. ಅದರ ತುಂಬ ಒಂದೇ ಒಂದು ಕಣ್ಣು.

ಕ್ಲಿಪ್ಪು ಹಾಕಿ ರೆಪ್ಪೆ ಬಿಡಿಸಿಟ್ಟಿದ್ದ ಆ ಕಣ್ಣು ಗೋಡೆಯಷ್ಟು ಅಗಲವಾಗಿ ಕರಡಮ್ಮನನ್ನೇ ನೋಡುತ್ತಿತ್ತು. ಮಿಟುಕಿಸಲು ಅದಕ್ಕೆ ದಾರಿಯಿರಲಿಲ್ಲ. ಬೋರ್ಡಣ್ಣ ಬರೆದಿಟ್ಟ ಮಗಳ ಕಣ್ಣು ಅದೇ ಎಂದು ಅವಳಿಗೆ ಗುರುತು ಸಿಕ್ಕಿತು.

ಸ್ಪೀಕರಿನಲ್ಲಿ ಡಾಕ್ಟರ ದನಿ ಕೇಳಿಸಿತು. ಮೃದುವಾದ, ಅಪ್ಪನಂಥ ದನಿ. "ಹಸಿರು ದೀಪವನ್ನೇ ನೋಡ್ತಾ ಇರು ಪುಟ್ಟಾ. ಒಂದು ನಿಮಿಷ ಅಷ್ಟೇ. ಜಾಣೆ."

ಟಕಟಕ ಸದ್ದು ಶುರುವಾಯಿತು.

"ನಿಲ್ಲಿಸೋದು ಹೇಗೆ?" ಕಿರುಚಿದಳು ಕರಡಮ್ಮ.

"ಅವಳು ದೀಪ ಬಿಟ್ಟು ಬೇರೆ ಕಡೆ ನೋಡಿದ್ರೆ ಯಂತ್ರ ತಾನೇ ನಿಲ್ಲುತ್ತೆ. ಕಣ್ಣು ಅಲುಗಿದ್ರೆ ಅದು ಹೊಡೆಯಲ್ಲ. ಅಲ್ಲಿ ಮೈಕಿದೆ, ಮನೆಯವರು ಧೈರ್ಯ ಹೇಳೋಕೆ ಇಟ್ಟಿರೋದು!"

ಕರಡಮ್ಮ ಮೈಕಿನ ಗುಂಡಿ ಒತ್ತಿದಳು. "ಏ ಹುಡುಗಿ! ನಾನು ಕಣೇ, ನಿಮ್ಮತ್ತೆ ಕಳಿಸಿದೋಳು! ದೀಪ ನೋಡಬೇಡ! ಬೇರೆ ಕಡೆ ನೋಡು!"

ಪರದೆಯ ಮೇಲಿನ ಕಣ್ಣು ನಡುಗಿತು, ಆದರೆ ಕದಲಲಿಲ್ಲ. ಹೇಳಿದ ಮಾತು ಕೇಳುವ ಹುಡುಗಿ. ತಾನು ಮಾಡಿದ ತಪ್ಪಿಗೆ ಏನಾದರೂ ಆಗಲಿ ಎಂದು ಕಾಯುತ್ತಿದ್ದ ಹುಡುಗಿ.

"ನಿಮ್ಮಪ್ಪ ಸಾಯೋಕೆ ಬಂದಿರ್ಲಿಲ್ಲ ಮಗಳೇ! ನಿನ್ನ ಕಣ್ಣು ಉಳಿಸೋಕೆ ಬಂದಿದ್ರು. ನಿನ್ನ ಫೈಲು ತಗೊಂಡು ಹೋಗೋಕೆ ಬಂದಿದ್ರು. ನೀನು ಯಾರನ್ನೂ ಕೊಂದಿಲ್ಲ!"

ಕಣ್ಣಿನಲ್ಲಿ ನೀರು ತುಂಬಿತು. ಕಪ್ಪು ಗುಡ್ಡೆ ನಿಧಾನವಾಗಿ ಒಂದು ಪಕ್ಕಕ್ಕೆ ಹೊರಳಿತು. ಟಕಟಕ ಸದ್ದು ನಿಂತಿತು.

ಕರಡಮ್ಮ ಗೋಡೆಗೆ ಒರಗಿದಳು. ಪರದೆಯ ಮೂಲೆಯಲ್ಲಿ ಒಂದು ಅಂಕಿ ಮಿನುಗುತ್ತಿತ್ತು. ಅಷ್ಟರಲ್ಲಿ ಲೇಸರ್ ಮುಗಿಸಿದ್ದು ಶೇಕಡ ಒಂಬತ್ತು.

ಒಳಗೆ ಕುರ್ಚಿ ಸರಿದ ಸದ್ದಾಯಿತು. ಡಾಕ್ಟರು ಮಾತಾಡಿದಾಗ ಆ ದನಿಯಲ್ಲಿ ಗಾಬರಿಯ ಸುಳಿವೂ ಇರಲಿಲ್ಲ.

"ಹೊರಗೆ ಇರೋರು ಯಾರೋ ನನಗೆ ಗೊತ್ತಿಲ್ಲ. ನನ್ನ ಮೇಲೆ ಏನು ಬೇಕಾದ್ರೂ ಹೊರಿಸಿ, ಆಮೇಲೆ. ಆದ್ರೆ ಈ ಕಣ್ಣಿನ ಮೇಲೆ ಲೇಸರ್ ಒಂದು ಕಡೆ ಬಿದ್ದಿದೆ, ಇನ್ನೊಂದು ಕಡೆ ಬಿದ್ದಿಲ್ಲ. ಹೀಗೇ ಬಿಟ್ಟರೆ ಇವಳಿಗೆ ಈ ಕಣ್ಣಲ್ಲಿ ಮತ್ತೆ ಯಾವತ್ತೂ ನೆಟ್ಟಗೆ ಕಾಣಲ್ಲ. ಮುಗಿಸಿದ್ರೆ ಕಾಣುತ್ತೆ. ನಿಮ್ಮ ಮಾತು ಕೇಳ್ತಾಳಲ್ಲ, ನೀವೇ ಹೇಳಿ ಅವಳಿಗೆ."

ಸುಳ್ಳೋ ನಿಜವೋ? ಅದನ್ನು ಹೇಳಬಲ್ಲವಳು ಒಬ್ಬಳೇ. ಕರಡಮ್ಮ ಅವಳ ತೋಳು ಹಿಡಿಯಲು ಪಕ್ಕಕ್ಕೆ ಕೈ ಚಾಚಿದಳು.

ಪಕ್ಕದಲ್ಲಿ ಯಾರೂ ಇರಲಿಲ್ಲ. ಕಾರಿಡಾರಿನಲ್ಲೂ ಇರಲಿಲ್ಲ. ಅಳತೆಯವಳು ಯಾವಾಗ ಹೋದಳು, ಯಾಕೆ ಹೋದಳು ಎನ್ನುವುದಕ್ಕೆ ಒಂದು ಹೆಜ್ಜೆಯ ಸಪ್ಪಳವೂ ಕೇಳಿಸಿರಲಿಲ್ಲ.

ಪರದೆಯ ಮೇಲೆ ಆ ಕಣ್ಣು ದೀಪದ ಆಚೆಗೂ ಈಚೆಗೂ ತಡವರಿಸುತ್ತಿತ್ತು.

"ಹೇಳಿ," ಎಂದಳು ಹುಡುಗಿ. ದನಿ ತೀರ ಸಣ್ಣದಾಗಿತ್ತು. "ಇಷ್ಟೊತ್ತೂ ಡಾಕ್ಟರ ಮಾತು ಕೇಳಿದೆ. ಈಗ ನಿಮ್ಮ ಮಾತು ಕೇಳ್ತೀನಿ. ಎತ್ತ ನೋಡ್ಲಿ?"